ಒಂಬತ್ತನೇ ಹಾಡಿನ ಕ್ಯಾಸೆಟ್

ನಮ್ಮನಿಯವ್ರು ಕೈ ಸುಮ್ಮನ ಇಟ್ಕೊಂಡು ಕುಂತಿದ್ದು ನಾ ಒಂದ್ ದಿನಾನೂ ನೋಡಿದಾಕಿ ಅಲ್ಲ. ಊಟಕ್ಕ ಕುಂತ್ರ ತಾಟು ಬಡೀತಾರ, ಮುಂಬೈ ಲೋಕಲ್ ರೈಲ್‌ನಾಗ ನಿಂತ್ರ ಕಿಟಕಿ ಸರಳು ಬಡೀತಾರ. ಡೊಂಬಿವಲಿಯಿಂದ ದಾದರ್ ತನಕ ಮಂದಿ ಹುಬ್ಬು ಗಂಟ್ ಹಾಕ್ಕೊಂಡು ನೋಡ್ತಾರ, ನಾ ಇವ್ರ ಜೋಡಿ ಬಂದಾಕಿ ಅಲ್ಲ ಅನ್ನೂವಂಗ ಮಾರಿ ತಿರುವಿರ್ತೀನಿ. ಲಿಫ್ಟ್ ರಿಪೇರಿ ಈಶ್ವರ ಅಂದ್ರ ಪಾರ್ಲೆದಾಗ ಹತ್ತು ಬಿಲ್ಡಿಂಗಿನವ್ರಿಗೆ ಗೊತ್ತು. ಅವ್ರು ಒಂದ್ ಕಾಲಕ್ಕ ಬ್ಯಾಂಡಿನಾಗ ಡ್ರಮ್ ಬಡೀತಿದ್ರು ಅಂದ್ರ ಒಬ್ರೂ ನಂಬಂಗಿಲ್ಲ.

ಲಗ್ನದ ಬ್ಯಾಂಡ್ ಅಲ್ಲರಿ, ಹಾರ್ಡ್ ರಾಕ್ ಬ್ಯಾಂಡ್. ಗಿಟಾರ್ ಒದರತೈತಿ, ಅದಕ್ಕಿಂತ ಜೋರು ಹಾಡಾವ ಒದರ್ತಾನ. ಆಗ ಇವ್ರು ದಾದರ್‌ದಾಗ ಸ್ಪೀಕರ್ ಬಾಡಿಗಿ ಕೊಡೂ ಅಂಗಡ್ಯಾಗ ಕೆಲಸಕ್ಕಿದ್ರು. ಪಾರ್ಲೆದ ಒಂದ್ ಕಾಲೇಜಿಗೆ ಸ್ಪೀಕರ್ ಹೊತ್ಕೊಂಡು ಹೋದ್ರ, ಆ ಹುಡುಗೂರ ಡ್ರಮ್ಮಿನಾವ ಕೈ ಕೊಟ್ಟಿದ್ದ. ಹೋಳಿ ಹುಣ್ಣಿವಿಗೆ ಹಲಗಿ ಬಡದ ಕೈಲೇ ಇವ್ರು ಕುಂತು ಬಡದ್ರು. ಅವತ್ತಿನಿಂದ 'ಕಾರ್‌ಶೆಡ್' ಅನ್ನೂ ಆ ಬ್ಯಾಂಡಿಗೆ ಇವ್ರೇ. ಹನ್ನೊಂದು ತಿಂಗಳು ನಡೀತು, ಒಂಬತ್ತು ಹಾಡು ರೆಕಾರ್ಡ್ ಆದ್ವು, ಅಲ್ಲಿಗೆ ಮುಗೀತು.

ಈ ಶ್ರಾವಣದಾಗ ವಿಕ್ರಂ ಅವ್ರ ಫೋನ್ ಬಂತು. ಮೈಸೂರು ಕಡೆಯವ್ರು, ಆ ಬ್ಯಾಂಡಿನಾಗ ಗಿಟಾರ್ ನುಡಿಸ್ತಿದ್ರು, ಈಗ ಬ್ಯಾಂಕಿನಾಗ ದೊಡ್ಡ ಸಾಹೇಬ್ರು.

"ಈಶ್ವರ, ನಮ್ಮ ಹಾಡೆಲ್ಲಾ ಸೇರಿಸಿ ಒಂದು ಆಲ್ಬಂ ಮಾಡ್ತಿದೀನಿ ಕಣೋ. ಎಂಟು ಸಿಕ್ಕಿವೆ. ನೀನು ಕನ್ನಡದಲ್ಲಿ ಹಾಡಿದ್ಯಲ್ಲ, ಅದೊಂದೇ ಇಲ್ಲ. ಅದರ ಕ್ಯಾಸೆಟ್ ನಿನ್ನ ಹತ್ರಾನೇ ಇತ್ತು. ತಿಂಗಳ ಕೊನೆಯೊಳಗೆ ಸಿಗದಿದ್ರೆ ಎಂಟೇ ಹೋಗ್ತವೆ."

"ನಮ್ಮವ್ವ ಎಸದಾಳ," ಅಂದು ಇವ್ರು ಫೋನ್ ಇಟ್ರು.

ಇಪ್ಪತ್ತೆಂಟು ವರ್ಷದಿಂದ ಅದೊಂದೇ ಮಾತು. ಆ ಕ್ಯಾಸೆಟ್ ಕಳದಾಗ ಬ್ಯಾಂಡಿನ ಹುಡುಗೂರು ಇವ್ರ ಮ್ಯಾಲ ಹರಿಹಾಯ್ದ್ರು, ಇವ್ರು ಮನಿಗೆ ಬಂದು ಅವ್ವನ ಮ್ಯಾಲ ಹರಿಹಾಯ್ದ್ರು. ಸಪ್ಪಳ ತಡೀಲಾರದ ಬೇಕಂತ ಕಸದಾಗ ಎಸದಿ ಅಂತ. ಆ ಸಿಟ್ಟಿನಾಗ ಇವ್ರೇ ತಮ್ಮ ಡ್ರಮ್ಮಿನ ಕೋಲು ಮುರಿದು ಒಲಿಗೆ ಹಾಕಿದ್ರಂತ. ನಮ್ಮತ್ತಿ ಸುಂದ್ರವ್ವ "ನಾ ಎಸದಿಲ್ಲಪಾ" ಅಂತ ಸಾಯೂ ತನಕ ಹೇಳಿದ್ರು. ಒಂಬತ್ತು ವರ್ಷದ ಹಿಂದ ದವಾಖಾನಿ ಹಾಸಿಗಿ ಮ್ಯಾಲೂ ಅದನ್ನೇ ಹೇಳಿದ್ರು. "ಆತು ಬಿಡು," ಅಂದ್ರು ಇವ್ರು. ನಂಬಿದ್ದಲ್ಲ, ಬಾಯಿ ಮುಚ್ಚಸಾಕ ಅಂದಿದ್ದು. ಸುಳ್ಯಾಕ ಹೇಳ್ಲಿ, ನಾನೂ ಅತ್ತೀನೇ ಎಸದಾರ ಅಂತ ತಿಳ್ಕೊಂಡಿದ್ದೆ.

ಫೋನ್ ಬಂದ ಮ್ಯಾಲ ಮನಿಯಾಗ ಇರೂದೇ ಕಷ್ಟ ಆತು. ಎಸದಾಳ ಅಂತ ಬಾಯಿಲೆ ಅಂತಾರ, ಕೈಲೆ ಟ್ರಂಕು ಹುಡುಕ್ತಾರ. ಅಟ್ಟ, ಮಂಚದ ಬುಡ, ನನ್ನ ಸೀರಿ ಕಪಾಟು, ಏನೂ ಬಿಡಲಿಲ್ಲ. ಎರಡು ಸಲ ಪಾರ್ಲೆದಾಗ ಇಳಿಯೂದು ಬಿಟ್ಟು ಮುಂದ ಹೋದ್ರು. ತಲಿ ಕೆಟ್ಟು ನಾನೇ ಕುರ್ಲಾದಾಗ ತನ್ನ ಮಗಳ ಮನ್ಯಾಗಿರೂ ಹನುಮವ್ವಗ ಫೋನ್ ಹಚ್ಚಿದೆ. ಅವ್ರು ಅತ್ತಿಯ ಖಾಸಾ ತಂಗಿ, ಆಗ ಸಿಂದಗಿ ಕಡೆ ಹಳ್ಳ್ಯಾಗಿದ್ರು. ನಮ್ಮತ್ತಿಗೆ ಓದಾಕ ಬರೆಯಾಕ ಬರ್ತಿದ್ದಿಲ್ಲ. ಕಾಗದ ಬರೆಸಿದ್ರ ಬರೆಯಾವಗೂ ಗೊತ್ತಾಗ್ತೈತಿ, ಓದಾವಗೂ ಗೊತ್ತಾಗ್ತೈತಿ, ಅಕ್ಕ ತಂಗಿ ಮನಸಿನ ಮಾತು ಹ್ಯಾಂಗ ಆಡೂದು? ಅದಕ್ಕ ಕ್ಯಾಸೆಟ್ಟಿನಾಗ ಮಾತು ತುಂಬಿ ಊರಿಗೆ ಹೋಗೂರ ಕೈಯಾಗ ಕಳಸ್ತಿದ್ರು. ಆಗ ನಮ್ಮ ಮಂದಿ ಭಾಳ ಮನ್ಯಾಗ ಇದೇ ರೂಢಿ. ಹಂಗ ಕಳಿಸಿದ್ರಾಗ ಇದೂ ಸೇರಿ ಹೋಗೈತೇನೋ ಅಂತ ಕೇಳಿದೆ.

"ಅಕ್ಕಂದು ಒಂದೈತಿ ನೋಡವಾ," ಅಂದ್ರು ಹನುಮವ್ವ. "ಆಕಿ ಮಾತು ಮುಗಿದ ಮ್ಯಾಲ ಏನೋ ಧಡಧಡ ಅಂತೈತಿ. ಮಿಷನ್ ಕೆಟ್ಟೈತಿ ಅಂತ ಅಲ್ಲಿಗೇ ಬಂದ್ ಮಾಡ್ತಿದ್ದೆ."

ಕುರ್ಲಾಕ್ಕ ಓಡಿ ಕ್ಯಾಸೆಟ್ ಇಸ್ಕೊಂಡು ಸೀದಾ ಪಾರ್ಲೆಕ್ಕ, ವಿಕ್ರಂ ಅವ್ರ ಮನಿಗೆ ಹೋದ್ವಿ. ಅವ್ರ ಹತ್ರ ಹಳೇ ಟೇಪ್ ರೆಕಾರ್ಡರ್ ಇತ್ತು. ಗುಂಡಿ ಒತ್ತಿದ್ರ ನಮ್ಮತ್ತಿ ದನಿ.

"ಹನಮೀ, ನಾ ಸುಂದ್ರಿ ಮಾತಾಡಾಕತ್ತೀನಿ. ನಮ್ಮ ಈಶ್ವರ ಇಲ್ಲೇ ಡಬ್ಬಿ ಬಡಕೋತ ಕುಂತಾನ, ಕಿವ್ಯಾಗ ಹಾಡು ಹಾಕ್ಕೊಂಡಾನ. ಈ ಕ್ಯಾಸೆಟ್ ಖಾಲಿ ಐತೇನಪಾ, ನಿಮ್ಮ ಸಣ್ಣವ್ವಗ ಮಾತು ತುಂಬಿ ಕಳಸ್ಲೇನು ಅಂದೆ. ಹೂಂ ಅಂತ ಗೋಣು ಹಾಕಿದ. ನಾ ಏನ್ ಕೇಳಿದ್ರೂ ಇಲ್ಲ ಅನ್ನಾವಲ್ಲ ನನ್ನ ಮಗ. ಸಪ್ಪಳಕ್ಕ ಚಾಳಿನ ಅಕ್ಕಪಕ್ಕದ ಮನಿ ಮಂದಿ ಬೈತಾರ, ಬೈಲಿ ಬಿಡು. ಸಪ್ಪಳ ಇದ್ರ ಮಗ ಮನ್ಯಾಗ ಅದಾನ ಅಂತ ನನಗ ಧೈರ್ಯ."

ಆ ಮಾತಿನ ಹಿಂದ ಡಬ್ಬಿ ಬಡಿಯೂ ಸಪ್ಪಳ ಚಂದಾಗಿ ಕೇಳ್ತಿತ್ತು. ಕಿವ್ಯಾಗ ಹಾಡು ಇದ್ರ ಇವ್ರ ಗೋಣು ತಾಳಕ್ಕ ತಾನೇ ಆಡತೈತಿ, ಇವತ್ತಿಗೂ. ಅವ್ವ ಕೇಳಿದ್ದು ಇವ್ರಿಗೆ ಕೇಳೇ ಇದ್ದಿಲ್ಲ. ಖಾಲಿ ಅಂತ ತಾನು ಒಯ್ದದ್ದೇ ಆ ಹಾಡಿನ ಕ್ಯಾಸೆಟ್ ಅಂತ ಆ ಮುದುಕಿಗೂ ಕಡೀತನಕ ಗೊತ್ತಾಗಲಿಲ್ಲ. ನಾ ಇವ್ರ ಕಡೆ ನೋಡಿದೆ. ಎರಡೂ ಕೈ ತೊಡಿ ಮ್ಯಾಲ ಸುಮ್ಮನ ಬಿದ್ದಿದ್ವು.

ಅತ್ತಿ ಮಾತು ನಾಕ್ ನಿಮಿಷಕ್ಕ ಮುಗೀತು. ಕಟ್ ಅಂತ ಸಪ್ಪಳ ಆಗಿ, ಅರ್ಧದಿಂದ ಹಾಡು ಶುರು ಆತು. ಹರೇದ ಹುಡುಗನ ದನಿ, ಇವ್ರದೇ. ಇವ್ರ ಕಣ್ಣಾಗ ನೀರು, ಗೋಣು ಮಾತ್ರ ತಾಳಕ್ಕ ಆಡಾಕ ಹತ್ತಿತು.

"ಎರಡು ನಿಮಿಷ ಉಳ್ಕೊಂಡಿದೆ, ಸಾಕು," ಅಂದ್ರು ವಿಕ್ರಂ. "ಮೊದಲಿರೋ ಅಮ್ಮನ ಮಾತು ಕಟ್ ಮಾಡಿ ಹಾಡು ಮಾತ್ರ ಇಡೋಣ, ಅಲ್ವೇನೋ?"

ಇವ್ರ ಗೋಣು ಮ್ಯಾಲ ಕೆಳಗ ಆಡಾಕತ್ತಿತ್ತು. ವಿಕ್ರಂ ಅವ್ರು "ಸರಿ ಹಾಗಾದ್ರೆ" ಅಂತ ಪೆನ್ನು ತಗದು ಬರಕೊಳ್ಳಾಕ ಬಗ್ಗಿದ್ರು. ನನಗ ಸಿಟ್ಟು ನೆತ್ತಿಗೇರಿತು. ಟೇಪ್ ಬಂದ್ ಮಾಡಿ ಇವ್ರ ಭುಜ ಹಿಡ್ದು ಅಲ್ಲಾಡ್ಸಿದೆ.

"ಬಾಯಿ ಬಿಟ್ಟು ಹೇಳ್ರಿ. ಈಗರೆ ಬಾಯಿ ಬಿಟ್ಟು ಹೇಳ್ರಿ."

ಇವ್ರು ಕಣ್ಣು ಒರಸ್ಕೊಂಡು ವಿಕ್ರಂ ಅವ್ರ ಕಡೆ ತಿರುಗಿದ್ರು.

"ಬ್ಯಾಡ ವಿಕ್ರಂ. ಅಳಿಸಬ್ಯಾಡ. ಮೊದಲ ನಮ್ಮವ್ವಂದು ಇರಲಿ."