ಅಕ್ಕ ಕಲಿತ ‘ವೆನ್ಸ್’

ನಾನು ಚಿಕ್ಕವಳಿದ್ದಾಗ ಅಕ್ಕ ನನ್ನೊಬ್ಬಳ ಸ್ವತ್ತು ಎಂದೇ ನಂಬಿದ್ದೆ. ನಂಜನಗೂಡಿನ ಮನೆಯಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸುತ್ತಿದ್ದವಳು ಅವಳೇ. ಕಪಿಲೆಯಲ್ಲಿ ಅವಳ ಸೆರಗು ಹಿಡಿದೇ ಮುಳುಗು ಹಾಕುತ್ತಿದ್ದೆ. ಮಲಗುವಾಗ ಇಬ್ಬರಿಗೂ ಒಂದೇ ಕಂಬಳಿ. ಅವಳಿಗೆ ಮದುವೆಯಾದ ಮೇಲೂ ಇದೇನೂ ಬದಲಾಗಲಿಲ್ಲ. ಆಗೆಲ್ಲ ಮದುವೆಯಾದ ಹುಡುಗಿ ದೊಡ್ಡವಳಾಗುವ ತನಕ ತವರಿನಲ್ಲೇ ಇರುತ್ತಿದ್ದಳು.

ಆ ವರ್ಷದ ದೀಪಾವಳಿಗೆ ಭಾವ ಬಂದರು. ಅವರದು ತಿರುಮಕೂಡಲು ನರಸೀಪುರ; ಓದುತ್ತಿದ್ದುದು ಮೈಸೂರಿನಲ್ಲಿ. ಜೊತೆಗೊಂದು ಇಂಗ್ಲಿಷ್ ಪುಸ್ತಕ ತಂದಿದ್ದರು. “ಅವಳಿಗೂ ನಾಕಕ್ಷರ ಬರಲಿ ಬಿಡಿ” ಎಂದು ಅಪ್ಪ ಒಪ್ಪಿದ್ದೇ ತಡ, ಮಧ್ಯಾಹ್ನ ಪಡಸಾಲೆಯಲ್ಲಿ ಅಕ್ಕನಿಗೆ ಪಾಠ ಶುರುವಾಯಿತು. ನಾನು ಕಂಬಕ್ಕೆ ಒರಗಿ, ತಲೆಬುಡ ತಿಳಿಯದೆ ಕೇಳುತ್ತ ಕೂರುತ್ತಿದ್ದೆ.

ಒಂದು ದಿನ ಅಕ್ಕ ಏನೋ ಕೇಳಿದಳು, ಭಾವ ಏನೋ ಹೇಳಿಕೊಟ್ಟರು. ಅಕ್ಕ ನಡುವೆ ಬಾಯಿ ಹಾಕಿ ಏನೋ ಅಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಕೇಳಿಸಿದ್ದು ‘ವೆನ್ಸ್’ ಎಂಬ ಒಂದೇ ಮಾತು. ನನ್ನ ಜೊತೆ ಅವಳು ಯಾವತ್ತೂ ಹಾಗೆ ನಕ್ಕಿರಲಿಲ್ಲ.

“ಅದೇನೇ ಅಕ್ಕ?” ಎಂದೆ.

“ಆಮೇಲೆ ಹೇಳ್ತೀನಿ ಕಣೇ” ಎಂದು ಮತ್ತೆ ಪುಸ್ತಕಕ್ಕೆ ತಿರುಗಿದಳು. ಆಮೇಲೆ ಅವಳೂ ಹೇಳಲಿಲ್ಲ, ನಾನೂ ಬಿಗುಮಾನದಿಂದ ಕೇಳಲಿಲ್ಲ.

ಮಾಘ ಕಳೆದ ಮೇಲೆ ಅಕ್ಕನನ್ನು ಗಂಡನ ಮನೆಗೆ ಕಳಿಸುವ ದಿನ ಬಂತು. ಅಪ್ಪ ನನ್ನನ್ನೂ ಗಾಡಿ ಹತ್ತಿಸಿಕೊಂಡರು. ಗಾಡಿಯ ತುಂಬ ರಸಬಾಳೆಯ ಘಮ, ಹೊಸ ಸೀರೆಯ ವಾಸನೆ. ನಾನು ಅಕ್ಕನ ಪಕ್ಕ ಕೂರದೆ ಮುಂದೆ ಅಪ್ಪನ ಹತ್ತಿರ ಕೂತೆ. ದಾರಿಯುದ್ದಕ್ಕೂ ಅವಳು ಕರೆದಳು. ನಾನು ಎತ್ತಿನ ಗಂಟೆ ಕೇಳಿಸಿಕೊಳ್ಳುವವಳಂತೆ ಕೂತಿದ್ದೆ.

ಮಾರನೆಯ ಬೆಳಗ್ಗೆ ಭಾವ ನಮ್ಮಿಬ್ಬರನ್ನೂ ಸಂಗಮಕ್ಕೆ ಕರೆದೊಯ್ದರು. ಒಂದು ಕಡೆಯಿಂದ ಕಾವೇರಿ, ಇನ್ನೊಂದು ಕಡೆಯಿಂದ ಕಪಿಲೆ. ಮೆಟ್ಟಿಲ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಇನ್ನು ತಡೆಯಲಾರದೆ, “ವೆನ್ಸ್ ಅಂದ್ರೇನು? ಹೇಳದೇ ಇದ್ರೆ ನಾನು ಇಲ್ಲಿಂದ ಏಳಲ್ಲ” ಎಂದು ಅಳುತ್ತ ಕೂತುಬಿಟ್ಟೆ.

ಅಕ್ಕ ಬಂದು ಪಕ್ಕದಲ್ಲಿ ಕೂತಳು. “ವೆನ್ಸ್ ಅಂದ್ರೆ ‘ಎಲ್ಲಿಂದ’ ಅಂತ ಕಣೇ. ‘ದಿ ಟೌನ್ ವೆನ್ಸ್ ಐ ಕೇಮ್’ ಅಂದ್ರೆ, ನಾನು ಎಲ್ಲಿಂದ ಬಂದೆನೋ ಆ ಊರು. ಇವರು ಅದರ ಮೊದಲು ‘ಫ್ರಮ್’ ಅಂತ ಬೇರೆ ಸೇರಿಸಿ ‘ಫ್ರಮ್ ವೆನ್ಸ್’ ಅಂದ್ರು. ‘ಇಂದ’ ಅನ್ನೋದು ಅದರೊಳಗೇ ಇರುವಾಗ ಇನ್ನೊಂದು ಯಾಕೆ? ‘ಎಲ್ಲಿಂದದಿಂದ’ ಅಂದ ಹಾಗಾಯ್ತಲ್ಲ! ಅದಕ್ಕೇ ನಗು ಬಂತು.”

“ದೊಡ್ಡ ದೊಡ್ಡವರೇ ಹಾಗೆ ಬರೆದಿದ್ದಾರಮ್ಮ” ಎಂದು ಭಾವ ಗೊಣಗಿದರು. “ಅದೂ ಅಲ್ದೆ, ಹಳೇ ಪುಸ್ತಕದ ಮಾತು. ಈಗ ಇಂಗ್ಲಿಷ್ ದೊರೆಗಳೂ ಬಾಯಲ್ಲಿ ಆಡೋದಿಲ್ಲ.”

ಭಾವನಿಗೂ ತಪ್ಪುತ್ತದೆ ಎಂದು ತಿಳಿದು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ನಮ್ಮೂರು ಬಿಟ್ಟು ಬಂದ್ಮೇಲೆ, ನಾನು ಬಂದ ಊರು ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು ಅಂತ ಆವತ್ತು ನಾನೇ ಕೇಳಿದ್ದೆ” ಎಂದಳು ಅಕ್ಕ. ಆಮೇಲೆ ಕಪಿಲೆಯ ಕಡೆ ಕೈ ತೋರಿಸಿದಳು. “ಈ ನೀರು ಬರೋದು ಯಾವೂರಿಂದ ಹೇಳು?”

“ನಮ್ಮೂರಿಂದ!”

ಅಕ್ಕ ತಲೆಯಾಡಿಸಿದಳು. ನಾನು ಅವಳ ಮಡಿಲಲ್ಲಿ ಮುಖ ಹುದುಗಿಸಿದೆ.

ಅಂದೇ ಗಾಡಿ ಹಿಂತಿರುಗಿತು. ದಾರಿಯಲ್ಲಿ ಹೊಳೆ ಕಂಡಾಗಲೆಲ್ಲ ನನಗೆ ಉರಿಯುತ್ತಿತ್ತು. ಭಾವನ ಮೇಲಿದ್ದ ಹೊಟ್ಟೆಕಿಚ್ಚು ಈಗ ಹೊಳೆಯ ಮೇಲೆ ತಿರುಗಿತ್ತು. ಅದು ಯಾರ ಅಪ್ಪಣೆಯನ್ನೂ ಕೇಳದೆ ನಮ್ಮೂರ ಮೆಟ್ಟಿಲಿಂದ ಅಕ್ಕನೂರ ಮೆಟ್ಟಿಲಿಗೆ ದಿನವೂ ಹೋಗುತ್ತದಲ್ಲ! ನಾನು ಮತ್ತೆ ಅವಳನ್ನು ಕಂಡದ್ದು ಮುಂದಿನ ಗೌರಿ ಹಬ್ಬಕ್ಕೆ.

ಈಗ ನಂಜನಗೂಡಿನಲ್ಲಿ ಬಸ್ಸು ಹತ್ತಿದರೆ ಹೊತ್ತೇರುವುದರೊಳಗೆ ನರಸೀಪುರ. ಮೊಮ್ಮಕ್ಕಳೇ, ನಿಮ್ಮ ಇಂಗ್ಲಿಷ್ ಪಾಠದಲ್ಲಿ ‘ವೆನ್ಸ್’ ಇಲ್ಲವೇ ಇಲ್ಲ, ಹುಡುಕಿ ನೋಡಿದೆ. ನೀವಿಬ್ಬರು ಅಕ್ಕತಂಗಿಯರು ಒಂದೇ ಸ್ಕೂಲಿಗೆ ಹೋಗುತ್ತೀರಿ, ಒಂದೇ ಪುಸ್ತಕ ಹಿಡಿದು ಕಿತ್ತಾಡುತ್ತೀರಿ. ಜಗಳ ಬಿಡಿಸಲು ಅಜ್ಜಿ ಯಾಕೆ ಬರುವುದಿಲ್ಲ ಎಂದು ಕೇಳುತ್ತೀರಲ್ಲ, ಬಾಗಿಲಲ್ಲಿ ನಿಂತು ನೋಡುತ್ತಿರುತ್ತೇನೆ ಮಕ್ಕಳೇ, ಹೊಟ್ಟೆಕಿಚ್ಚಿನಿಂದ.