ತುಡುಗಿನ ದಾಟಿ

ಆ ಮಾತನ್ನು ಪರಪ್ಪ ಕಾಕಾ ಕಿವಿಯಲ್ಲಿ ಹೇಳಿದ್ದರೆ ಧೂಳಪ್ಪ ಎರಡು ದಿನ ಉರಿದು ಮೂರನೆಯ ದಿನ ಮರೆಯುತ್ತಿದ್ದ. ಆದರೆ ಕಾಕಾ ಮೈಕಿನಲ್ಲಿ ಹೇಳಿದರು. ಇಂಗಳೇಶ್ವರದ ಶ್ರಾವಣದ ಭಜನಿ ಪಂದ್ಯದಲ್ಲಿ, ಊರ ಮಂದಿಯೆಲ್ಲ ಕೂತಿದ್ದಾಗ, "ಇದು ತುಡುಗಿನ ದಾಟಿ" ಎಂದರು. ಅಂದರೆ ಕಳವಿನ ರಾಗ. ಮೈಕಿಗೆ ಎರಡು ಹಾರ್ನು. ಒಂದು ಊರ ಅಗಸಿ ಬಾಗಿಲ ಮೇಲೆ, ಇನ್ನೊಂದು ಬಸ್ಸು ನಿಲ್ಲುವ ಕಡೆಯ ಬೇವಿನ ಮರದಲ್ಲಿ. ಹೊಲದಲ್ಲಿ ಎಮ್ಮೆ ಬಿಟ್ಟುಕೊಂಡು ಕೂತವರಿಗೂ ಕೇಳಿಸಿತು. ಇಂದಿಗೂ ಆ ಸುದ್ದಿ ಬಂದರೆ ಧೂಳಪ್ಪನ ಕೈ ಪಾನಾ ಹುಡುಕುತ್ತದೆ.

ನಟ್ಟು ಬಿಗಿಯುವ ಆ ಪಾನಾ ಹಿಡಿಯುವುದೇ ಅವನ ಕಸುಬು. ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದೆ ಅವನ ಸೈಕಲ್ ಅಂಗಡಿ. ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರು ಒಂದೇಟು ಕೊಟ್ಟರೆಂದು ಪಾಟಿ ಬಿಸಾಕಿ ಬಂದವ ಮತ್ತೆ ಸಾಲಿಯ ಕಡೆ ತಲೆ ಹಾಕಲಿಲ್ಲ. ಗಾಲಿಯ ಡೊಂಕು ತೆಗೆಯುವಾಗ ಯಾರಾದರೂ "ಇನ್ನೆಷ್ಟೊತ್ತು?" ಎಂದರೆ ಸೈಕಲ್ಲನ್ನು ಹಾಗೆಯೇ ರಸ್ತೆಗೆ ದೂಡುವ ಸ್ವಭಾವ. ಅವನ ಸಿಟ್ಟನ್ನು ತಾಳಿಕೊಂಡಿದ್ದು ಎರಡೇ: ಹೆಂಡತಿ ರೇವವ್ವ, ಮತ್ತು ಪೇಟಿ. ಹಾರ್ಮೋನಿಯಂ ಮುಂದೆ ಕೂತನೆಂದರೆ ಬೇರೆಯದೇ ಮನುಷ್ಯ. ಅವನ ಭಜನಿ ಮ್ಯಾಳವನ್ನು ಇಂಡಿ, ಮುದ್ದೇಬಿಹಾಳದ ಕಡೆಗೂ ಕರೆಯುತ್ತಿದ್ದರು.

ಹಾಡಿನ ರಾಗದ ಓಟಕ್ಕೆ ಓದಿದವರು ಧಾಟಿ ಎಂದು ಬರೆಯುತ್ತಾರೆ. ಈ ಕಡೆಯ ಬಾಯಲ್ಲಿ ಅದು ದಾಟಿಯೇ. ಹೊಳೆ ದಾಟಿ, ಹಳ್ಳ ದಾಟಿ ಅನ್ನುವ ಹಾಗೆ. ಇಂಗಳೇಶ್ವರದ ಪಂದ್ಯದಲ್ಲಿ ಕಟ್ಟುನಿಟ್ಟಿನ ನೇಮ ಒಂದೇ ಇತ್ತು: ಸಿನಿಮಾ ದಾಟಿ ನಡೆಯುವುದಿಲ್ಲ, ಸ್ವಂತ ದಾಟಿ ಬೇಕು. ನಿರ್ಣಯ ಕೊಡುವವರು ಪರಪ್ಪ ಕಾಕಾ. ಹೊಲಮನೆ ಇದ್ದ ಹಿರಿಯರು, ಊರ ಮ್ಯಾಳದಲ್ಲಿ ತಾಳ ಹಿಡಿಯುವವರು. ಸಿನಿಮಾದ ಎಳೆ ಕೇಳಿದರೆ ಸ್ವಂತ ಅಳಿಯನನ್ನೂ ಕಟ್ಟೆಯಿಂದ ಇಳಿಸಿದ್ದವರು.

ಎರಡು ಸಾವಿರದ ಒಂದರ ಸುಮಾರಿಗೆ ಸೈಕಲ್ ಅಂಗಡಿಯ ಪಕ್ಕದ ಖೋಲಿಯನ್ನು ಬಾಬುಲಾಲ ಬಾಡಿಗೆ ಹಿಡಿದು ಮೂರು ಟಿವಿ ಇಟ್ಟು ವಿಡಿಯೋ ಗೇಮ್ ಶುರು ಮಾಡಿದ. ನಡುವೆ ಒಂದಿಟ್ಟಂಗಿ ಗೋಡೆ. ಟಿವಿಯಲ್ಲಿ ಕತ್ತಿ ಹಿಡಿದ ಗಿಡ್ಡನೊಬ್ಬ ಓಡುತ್ತಾನೆ, ಹಾರುತ್ತಾನೆ, ಜೊತೆಗೆ ಟುಣುಟುಣು ಹಾಡು ಏರುತ್ತದೆ. ಏರಿ ಏರಿ ಮೇಲಿನ ನಿಷಾದಕ್ಕೆ ಬರುವಷ್ಟರಲ್ಲಿ ಗಿಡ್ಡ ಬೆಂಕಿಯ ತಗ್ಗಿನಲ್ಲಿ ಬೀಳುತ್ತಾನೆ. ಹಾಡು ಅಲ್ಲೇ ಕಡಿದು ಮತ್ತೆ ಮೊದಲಿನಿಂದ. ಆಡುವವರೆಲ್ಲ ಅದೇ ತಗ್ಗಿನಲ್ಲೇ ಬೀಳುವರು. ಷಡ್ಜಕ್ಕೆ ಇನ್ನೊಂದೇ ಮೆಟ್ಟಿಲು. ಅದಕ್ಕೆ ಹಾಡು ಮುಟ್ಟುತ್ತಲೇ ಇರಲಿಲ್ಲ. ಧೂಳಪ್ಪನಿಗೆ ಸೀನು ಬಂದು ನಿಂತಂತಾಗುತ್ತಿತ್ತು. ಒಂದು ದಿನ ಪಂಪಿನಿಂದ ಗೋಡೆಗೆ ಗುದ್ದಿದ.

"ಲೇ ಬಾಬುಲಾಲ! ಆ ಮಗನ್ನ ಒಮ್ಮೆರೆ ದಾಟಸೋ! ಹಾಡು ನಡುನೀರಾಗ ಬಿಡಬ್ಯಾಡ!"

"ದಾಟೋದು ನನಗ ಗೊತ್ತೈತಿ, ಧೂಳಪ್ಪಣ್ಣ," ಗೋಡೆಯಾಚೆಯಿಂದ ಉತ್ತರ ಬಂತು. "ಹುಡುಗರಿಗೆ ತಿಳೀತಂದ್ರ ಒಂದು ರೂಪಾಯ್ದಾಗ ಸಂಜಿತನ ಆಡ್ತಾವ. ನಾ ಏನು ಮಣ್ಣು ತಿನ್ನಲಿ?"

ಆ ರಾತ್ರಿ ಧೂಳಪ್ಪ ಉಣ್ಣದೆ ಪೇಟಿ ತೆಗೆದ. ಗೇಮಿನ ಓಟವನ್ನು ಭಜನಿಯ ನಡಿಗೆಗೆ ಇಳಿಸಿದ. ನಿಷಾದದ ಮೇಲೆ ನಿಂತ. ಅಲ್ಲಿಂದ ಮುಂದೆ ದಾರಿ ತನ್ನದೇ.

ರೇವವ್ವ ತಾಟು ಇಟ್ಟು ಕಾದಿದ್ದಳು. "ಇದ್ಯಾವ ಹಾಡ್ರಿ, ಕೋಳಿ ಓಡಿಸಿದಂಗ?" ಎಂದಳು. ಆಮೇಲೆ ಎರಡನೆಯ ಅರ್ಧ ಕೇಳಿ, "ಹಾಂ, ಈಗ ಮನಿಗಿ ಬಂತು. ನೀವೂ ಬರ್ರಿ, ರೊಟ್ಟಿ ಆರ್ತಾವ" ಎಂದಳು.

ಶ್ರಾವಣದ ಪಂದ್ಯಕ್ಕೆ ಅದೇ ದಾಟಿಯಲ್ಲಿ ಪದ ಕಟ್ಟಿಕೊಂಡು ಮ್ಯಾಳ ಇಂಗಳೇಶ್ವರಕ್ಕೆ ಹೋಯಿತು. ಮೊದಲ ನುಡಿ ಮುಗಿಯುವ ಮುಂಚೆ, ಮೈಕ್ ನೋಡಿಕೊಳ್ಳುವ ಮಾಳಿಂಗ ಕೈಯಲ್ಲಿದ್ದ ಇನ್ನೊಂದು ಮೈಕು ಚಾಲೂ ಇದೆಯೆಂಬುದನ್ನು ಮರೆತು ಪಕ್ಕದವನಿಗೆ ಹೇಳಿದ: "ಏ, ಇದು ಸಿಂದಗಿ ಗೇಮಿನ ಹಾಡಲ್ಲೇನೋ! ಈಗ ನೋಡು, ಬೆಂಕ್ಯಾಗ ಬೀಳ್ತಾನ!"

ಎರಡೂ ಹಾರ್ನಿನಲ್ಲಿ ಕೇಳಿತು. ಮಂದಿ ಬಿದ್ದು ಬಿದ್ದು ನಕ್ಕರು. ಪರಪ್ಪ ಕಾಕಾ ಕೈ ಎತ್ತಿ ಹಾಡು ನಿಲ್ಲಿಸಿದರು.

"ಖರೇನ, ಧೂಳಪ್ಪ?"

"ಸಿನಿಮಾದ್ದಲ್ಲರಿ ಕಾಕಾ."

"ನಾ ಸಿನಿಮಾ ಕೇಳಲಿಲ್ಲ. ದಾಟಿ ನಿಂದ ಐತೇನು?"

"ಹಿಂದಿನರ್ಧ ನಂದರಿ. ಕೇಳ್ರಿ ಪೂರಾ."

"ಮೂತಿ ಅವರದು, ಬಾಲ ನಿಂದು ಅಂದ್ರ ಆಕಳ ಕರಾ ಯಾರದೋ?" ಮತ್ತೆ ನಗು. ಆಗ ಕಾಕಾ ಮೈಕು ಬಾಯಿಗೆ ಹಿಡಿದು ಆ ಮಾತು ಆಡಿದರು. "ಇದು ತುಡುಗಿನ ದಾಟಿ. ಇಳೀರಿ."

ಸಿಂದಗಿಗೆ ಆ ಮಾತು ಅವನಿಗಿಂತ ಮೊದಲೇ ಮುಟ್ಟಿತ್ತು. "ತುಡುಗ ಮಾಸ್ತರ, ಹಿಂದಿನ ಗಾಲಿಗಿ ಹವಾ ಹಾಕು" ಎಂದವನ ಗಾಲಿಯ ಹವಾ ಪೂರ್ತಿ ಬಿಟ್ಟು ಕಳಿಸಿದ. ಆದರೆ ಶ್ರಾವಣದ ಉಳಿದ ಸೋಮವಾರಗಳಿಗೆ ಮ್ಯಾಳವನ್ನು ಯಾರೂ ಕರೆಯಲಿಲ್ಲ. ತಬಲಾದವ ಬೇರೆ ಮ್ಯಾಳ ಸೇರಿದ. ಧೂಳಪ್ಪನಿಗೆ ಬೇಕಿದ್ದದ್ದು ಒಂದೇ: ಮೈಕಿನಲ್ಲಿ ಹೋದ ಮಾತು ಮೈಕಿನಲ್ಲೇ ವಾಪಸು ಬರಬೇಕು.

ಸುಗ್ಗಿಯಲ್ಲಿ ಪರಪ್ಪ ಕಾಕಾ ತೊಗರಿ ಮಾರಲು ಸಿಂದಗಿಗೆ ಬಂದರು. ಧೂಳಪ್ಪ ಎಪಿಎಂಸಿ ಗೇಟಿನಲ್ಲೇ ಅವರ ಕೈ ಹಿಡಿದು, "ಬರ್ರಿ. ಕೇಳದ ನಿರ್ಣಯ ಕೊಟ್ಟೀರಿ, ಈಗ ಕೇಳಿ ಕೊಡ್ರಿ" ಎಂದು ಬಾಬುಲಾಲನ ಅಂಗಡಿಗೆ ಎಳೆದು ತಂದ.

ತಗ್ಗು ದಾಟಿಸಿ ತೋರಿಸಲು ಬಾಬುಲಾಲ ಒಲ್ಲೆನೆಂದ. ಧೂಳಪ್ಪ ಕಣ್ಣು ಕೆಕ್ಕರಿಸಿದ ಮೇಲೆ ಹುಡುಗರನ್ನು ಹೊರಗೆ ಹಾಕಿ ಶಟರ್ ಅರ್ಧ ಎಳೆದು ಕೂತ. ಗಿಡ್ಡ ಓಡಿದ. ಹಾಡು ಏರಿತು. ಬೆಂಕಿಯ ತಗ್ಗಿನ ಅಂಚಿನಲ್ಲಿ ಬಾಬುಲಾಲ ಅವನನ್ನು ಹಿಂದಕ್ಕೆ ಸರಿಸಿ, ಕೂರಿಸಿ, ಹಾರಿಸಿದ. ಗಿಡ್ಡ ದಾಟಿದ. ಧೂಳಪ್ಪ ಟಿವಿಯ ಹತ್ತಿರ ಸರಿದ. ಇಷ್ಟು ದಿನ ಗೋಡೆಗೆ ಕಿವಿ ಕೊಟ್ಟವನು, ತಗ್ಗಿನಾಚೆಯ ಹಾಡನ್ನು ಕೇಳುತ್ತಿದ್ದದ್ದು ಅವತ್ತೇ ಮೊದಲು. ತನ್ನದರಂತೆಯೇ ಬಂದುಬಿಟ್ಟರೆ?

ಬರಲಿಲ್ಲ. ಗೇಮಿನ ಹಾಡು ಮೇಲಕ್ಕೇ ಓಡಿತು, ಗಡಬಡ ಮಾಡಿತು. ಕಾಕಾ, "ಇನ್ನೊಮ್ಮೆ" ಎಂದರು. ಆಮೇಲೆ ಧೂಳಪ್ಪನಿಗೆ, "ಈಗ ನಿಂದು ಹಾಡು" ಎಂದರು. ಅವನು ಹಾಡಿದ. ಅದು ನಿಷಾದದಿಂದ ಮೆಲ್ಲಗೆ ಇಳಿದು, ಎರಡು ಕಡೆ ನಿಂತು, ಮನೆಗೆ ಬಂತು.

"ಹಿಂದಿನರ್ಧ ನಿಂದ," ಎಂದರು ಕಾಕಾ. "ಇದರ ವಾಸನಿ ಸೈತ ಅದರಾಗಿಲ್ಲ."

"ಹಂಗಾರ ಮಾತು ವಾಪಸ್ ತಗೋರಿ."

"ತಗೊಂಡ್ನಿ."

"ಇಲ್ಲಲ್ಲರಿ. ಮೈಕಿನ್ಯಾಗ."

"ಬರೋ ಶ್ರಾವಣಕ್ಕ, ಮೈಕಿನ್ಯಾಗ. ಸೈ?"

ಅರ್ಧ ಎಳೆದ ಶಟರಿನ ಕೆಳಗೆ ಹುಡುಗರು ಬೋರಲು ಮಲಗಿ ಎಲ್ಲ ನೋಡಿಕೊಂಡಿದ್ದರು. ವಾರದೊಳಗೆ ಸಿಂದಗಿಯ ಹುಡುಗರೆಲ್ಲ ತಗ್ಗು ದಾಟತೊಡಗಿದರು. "ನಿನ್ನ ಮರ್ಯಾದಿ ಉಳೀತು, ನನ್ನ ಧಂದೆ ಹೋತು" ಎಂದು ಬಾಬುಲಾಲ ಗೋಡೆಯಾಚೆಯಿಂದ ದಿನಾ ಬೈದ. ಧೂಳಪ್ಪ ಅದಕ್ಕೊಂದಕ್ಕೆ ತಿರುಗಿ ಬೈಯಲಿಲ್ಲ.

ಶ್ರಾವಣ ಬಂತು. ಕಾಕಾ ಮಾತಿಗೆ ತಪ್ಪಲಿಲ್ಲ, ಮೈಕು ಹಿಡಿದರು. "ಹೋದ ವರ್ಷ ಧೂಳಪ್ಪಗ ತುಡುಗಿನ ದಾಟಿ ಅಂದಿದ್ನಿ. ಸಿಂದಗಿಗೆ ಹೋಗಿ ಪೂರಾ ಕೇಳೀನಿ. ನಂದು ಅರ್ಧಾ ತಪ್ಪು. ಆ ಅರ್ಧಾ ಮಾತು ವಾಪಸ್ ತಗೋತೇನಿ."

ಧೂಳಪ್ಪ ಕೂತಲ್ಲಿಂದ ಎದ್ದ. "ಅರ್ಧಾ ಅಂದ್ರೇನ್ರಿ ಕಾಕಾ? ನಾ ಏನು ಅರ್ಧಾ ತುಡುಗೇನು?"

"ಸಿಟ್ಟ್ಯಾಕೋ? ಮೊದಲಿನರ್ಧ ಗೋಡಿ ದಾಟಿ ಬಂದದ್ದು. ನೀನ ಹೇಳೀದಿ."

"ದಾಟಿ ಬರ್ತೈತಿ ಅಂತನ ಅದಕ್ಕ ದಾಟಿ ಅಂತಾರ್ರಿ! ದಾಟದ ಬಂದದ್ದು ಒಂದರೆ ತೋರಸ್ರಿ. ನಿಮ್ಮ ಮ್ಯಾಳದ್ದು ಎಲ್ಲಿಂದ ದಾಟೇತಿ? ಮುಗಲಿಂದ ಬಿತ್ತೇನು?"

ಈ ಸಲ ಮಂದಿ ಕಾಕಾನ ಕಡೆ ನೋಡಿ ನಕ್ಕರು. ಕಾಕಾ ರುಮಾಲು ಸರಿಮಾಡಿಕೊಂಡು, "ಇದಕ್ಕ ಉತ್ತರ ವಿಚಾರ ಮಾಡಿ ಹೇಳ್ತೇನಿ" ಎಂದು ಮೈಕು ಮಾಳಿಂಗನ ಕೈಗೆ ಕೊಟ್ಟರು.

ಮರುವರ್ಷ ಪಂದ್ಯ ಬಸವನ ಬಾಗೇವಾಡಿಗೆ ಹೋಯಿತು, ನಿರ್ಣಾಯಕರು ಬದಲಾದರು. ಸಂತೆಯಲ್ಲಿ ಸಿಕ್ಕಾಗಲೆಲ್ಲ ಧೂಳಪ್ಪ, "ಕಾಕಾ, ಅರ್ಧಾ ಉಳದೈತ್ರಿ" ಎನ್ನುತ್ತಿದ್ದ. "ಇಲ್ಲಿ ಮೈಕ್ ಎಲ್ಲೈತೋ?" ಎಂದು ಕಾಕಾ ಚಹಾ ಕುಡಿಸುತ್ತಿದ್ದರು.

ಮೂರ್ನಾಲ್ಕು ವರ್ಷದ ಮೇಲೆ ಮುಳವಾಡದಲ್ಲೊಂದು ಹೊಸ ಮನೆಯ ಶಾಂತಿಗೆ ಧೂಳಪ್ಪ ಹೋದಾಗ ಇಂಗಳೇಶ್ವರದ ಮ್ಯಾಳ ಹಾಡುತ್ತಿತ್ತು. ಕಾಕಾ ತಾಳ ಹಿಡಿದಿದ್ದರು. ದಾಟಿ ಕೇಳಿ ಧೂಳಪ್ಪ ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ಅವನ ಹಿಂದಿನರ್ಧ. ಅದೊಂದನ್ನೇ ತಿರುತಿರುಗಿ ಹಾಡುತ್ತಿದ್ದರು.

"ಕಾಕಾ! ಇದು ಯಾರ ದಾಟ್ರಿ?"

"ನಿಂದ ಅಲ್ಲೇನೋ. ನಿನ್ನ ಮನಿಯಿಂದ ದಾಟಿ ಬಂತು."

"ಹಂಗಾರ ಉಳದರ್ಧ ಮಾತು? ಮೈಕ್ ಮುಂದ ಐತಲ್ರಿ ಈಗ."

ಕಾಕಾ ಕಿವಿಯ ಮೇಲೆ ರುಮಾಲು ಜಗ್ಗಿಕೊಂಡು ತಾಳ ಜೋರು ಮಾಡಿದರು. ಅಷ್ಟರಲ್ಲಿ ಪೇಟಿಯವ ಎರಡನೆಯ ನಿಲುಗಡೆಯಲ್ಲಿ ತಪ್ಪಿದ. ಧೂಳಪ್ಪನಿಗೆ ತಡೆಯಲಾಗಲಿಲ್ಲ, "ಸರಿ ಅತ್ತಾಗ" ಎಂದು ಅವನನ್ನು ಸರಿಸಿ ತಾನೇ ಕೂತು ಬಾರಿಸಿದ. ಹಾಡು ಮುಗಿದು ತಲೆ ಎತ್ತಿದಾಗ ಕಾಕಾ ಊಟದ ಪಂಕ್ತಿಯಲ್ಲಿದ್ದರು. ಉಳಿದರ್ಧ ಮಾತು ಇನ್ನೂ ಅವರ ಹತ್ತಿರವೇ ಇದೆ.