ಕಾಲು ಮುರಿದಾಗ ಸಿಕ್ಕ ಅವ್ವ

ಬಿಸಿ ಮಾಡಿದ ಹರಳೆಣ್ಣೆಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ನೆನಪಾಗುವುದು ನಮ್ಮ ಮನೆಯ ಬಚ್ಚಲಲ್ಲ, ಹಾಸನದ ಆಸ್ಪತ್ರೆಯ ಹೆಂಗಸರ ವಾರ್ಡು. ಫಿನಾಯಿಲಿನ ಘಾಟಿನ ನಡುವೆ ಅವ್ವ ನನ್ನ ಮಂಚದ ತಲೆದೆಸೆಯಲ್ಲಿ ನಿಂತು, ಯಾವ ಅವಸರವೂ ಇಲ್ಲದೆ ನೆತ್ತಿಗೆ ಎಣ್ಣೆ ಒತ್ತುತ್ತಿದ್ದಳು. ಹುಲ್ಲಿನ ಬಣವೆಯಿಂದ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಾಗ ನನಗೆ ಒಂಬತ್ತು ವರ್ಷ. ಕಾಲಿಗೆ ಪಟ್ಟಿ ಸುತ್ತಿ, ಅದಕ್ಕೆ ಹಗ್ಗ ಕಟ್ಟಿ, ಮಂಚದ ತುದಿಯ ರಾಟೆಯಿಂದ ಮರಳಿನ ಚೀಲ ಇಳಿಬಿಟ್ಟಿದ್ದರು. ಎರಡು ತಿಂಗಳು ಮಗ್ಗುಲು ಬದಲಿಸುವಂತಿರಲಿಲ್ಲ. ಬೆನ್ನು ಉರಿ, ಪಟ್ಟಿಯೊಳಗೆ ನವೆ, ಒಂದಕ್ಕೆ ಎರಡಕ್ಕೆ ಮಲಗಿದಲ್ಲೇ ತಟ್ಟೆ ಕೇಳಬೇಕಾದ ನಾಚಿಕೆ. ಬೆಳಿಗ್ಗೆ ನರ್ಸಮ್ಮ ಬಾಯಿಗೆ ಜ್ವರದ ಕಡ್ಡಿ ಇಡುವಳು, ಆಮೇಲೆ ಹಾಲು ಬ್ರೆಡ್ಡು, ಆಮೇಲೆ ಡಾಕ್ಟರ ಬೂಟಿನ ಸದ್ದು. ಉಳಿದ ಹೊತ್ತೆಲ್ಲ ಸೂರಿನ ತೊಲೆಗಳನ್ನು ನೋಡುತ್ತ ಮಲಗಿರುವುದು.

ಆದರೂ ನಾನು ಅಲ್ಲಿ ಸುಖವಾಗಿದ್ದೆ. ಹೊಳೆನರಸೀಪುರದ ಹತ್ತಿರದ ನಮ್ಮ ಮನೆಯಲ್ಲಿ ಇಪ್ಪತ್ತು ಜನ ಉಣ್ಣುತ್ತಿದ್ದರು. ಅವ್ವ ಆ ಮನೆಯ ಮೂರನೆಯ ಸೊಸೆ. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಅಲ್ಲಿ ತಾಯಿ ಯಾವ ಮಗುವಿನ ಪಾಲಿಗೂ ಪೂರ್ತಿ ಸಿಗುವುದಿಲ್ಲ. ದೊಡ್ಡಪ್ಪಂದಿರ ಮಕ್ಕಳ ಜೊತೆ ಅವ್ವನ ಸುತ್ತ ಕೂತು ಕೈ ಒಡ್ಡಿದರೆ, ಸರದಿ ಬಂದಾಗ ನನಗೂ ಒಂದು ತುತ್ತು. ಅದೇ ಅವ್ವ ಆಸ್ಪತ್ರೆಯ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇಯಿಸಿದ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ನನ್ನೊಬ್ಬಳ ಬಾಯಿಗೇ ಇಡುತ್ತಿದ್ದಳು. ಮಧ್ಯಾಹ್ನ ಮಂಚದ ಪಕ್ಕ ಚಾಪೆ ಹಾಸಿ ನನ್ನ ಕಡೆಗೇ ಮುಖ ಮಾಡಿ ಮಲಗುತ್ತಿದ್ದಳು. ಕಾಲು ಬೇಗ ಕೂಡದಿರಲಿ ಎಂದು ದೇವರನ್ನು ಬೇಡಿಕೊಂಡ ರೋಗಿ ಬಹುಶಃ ನಾನೊಬ್ಬಳೇ.

ಹದಿನೈದು ದಿನ ಹೀಗೆ ಕಳೆದ ಮೇಲೆ ಪಕ್ಕದ ಮಂಚಕ್ಕೆ ನಿಂಗಿ ಬಂದಳು. ಚನ್ನರಾಯಪಟ್ಟಣದ ಕಡೆಯವಳು, ನನ್ನದೇ ವಯಸ್ಸು. ತಾಯಿ ಸತ್ತು ವರ್ಷವಾಗಿತ್ತು. ಅನ್ನ ಬಸಿಯಲು ಹೋಗಿ ಎರಡೂ ಕೈ ಮೊಣಕೈವರೆಗೆ ಬೆಂದು, ಬಿಳಿಯ ಪಟ್ಟಿಯ ಎರಡು ಉಂಡೆಗಳಾಗಿದ್ದವು. ಕರೆತಂದ ಸೋದರಮಾವ, "ಸಂತೆ ದಿನ ಬತ್ತೀನಿ ಕಣವ್ವ, ಒಸಿ ನೋಡ್ಕಳಿ," ಎಂದು ಅವ್ವನಿಗೆ ಕೈಮುಗಿದು ಹೋದ. ಅಂದೇ ಅವ್ವ ತಟ್ಟೆ ಹಿಡಿದು ಆ ಮಂಚದ ಕಡೆ ತಿರುಗಿದಳು. "ನಂಗೆ?" ಎಂದೆ. "ನಿಂಗೆ ಕೈ ಇಲ್ವೇನೆ? ನೀನೇ ಉಣ್ಣು," ಎಂದು ನನ್ನ ತಟ್ಟೆಯನ್ನು ನನ್ನ ಎದೆಯ ಮೇಲಿಟ್ಟಳು. ನಾಲ್ಕೈದು ದಿನಕ್ಕೆ ನಿಂಗಿ ಅವಳನ್ನು "ಅವ್ವಾ" ಎಂದೇ ಕರೆಯತೊಡಗಿದಳು. ಒಂದು ಮಧ್ಯಾಹ್ನ ಕಣ್ಣು ಬಿಟ್ಟು ನೋಡಿದರೆ ಅವ್ವ ನನಗೆ ಬೆನ್ನು ಹಾಕಿ, ಅವಳ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದಳು. ಹೊಟ್ಟೆಕಿಚ್ಚು ಎಂದು ದೊಡ್ಡವರು ಜಗಳದಲ್ಲಿ ಆಡುವುದನ್ನು ಕೇಳಿದ್ದೆ; ಅದು ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ಅಂದು ತಿಳಿಯಿತು.

ಅವ್ವ ನಲ್ಲಿಗೆ ಹೋದದ್ದು ನೋಡಿ ನಿಂಗಿಗೆ ಹೇಳಿದೆ: "ಅವ್ಳು ನಮ್ಮವ್ವ. ನಿಮ್ಮವ್ವ ಸತ್ತೋದ್ಲಲ್ಲ, ನೀನ್ಯಾಕೆ ಅವ್ವ ಅಂತೀಯ?" ಅವಳು ಅಳಲಿಲ್ಲ. ಆದರೆ ಆ ಸಂಜೆ ಅವ್ವ ತುತ್ತು ಹಿಡಿದರೆ ಬಾಯಿ ತೆರೆಯಲಿಲ್ಲ. "ಅಸ್ವಿಲ್ಲ," ಎಂದಳು. ಮರುದಿನ "ಒಟ್ಟೆ ನೋವು" ಎಂದಳು. ಅವ್ವ ಗಾಬರಿಯಾಗಿ ಡಾಕ್ಟರಿಗೆ ಹೇಳಿದಳು; ಅವರು ಬರೆದುಕೊಟ್ಟ ಕಹಿ ಔಷಧಿಯನ್ನು ನಿಂಗಿ ಕಣ್ಣು ಮುಚ್ಚಿ ಕುಡಿದಳು. ನನ್ನ ಹೆಸರು ಮಾತ್ರ ಹೇಳಲಿಲ್ಲ. ಅದರ ಮರುದಿನ ಅವ್ವ ಒಲೆಯ ಹತ್ತಿರ ಇದ್ದಾಗ, ನಾನು ನಿದ್ದೆಯಲ್ಲಿದ್ದೇನೆ ಎಂದುಕೊಂಡು ನಿಂಗಿ ಬಗ್ಗಿ ತಟ್ಟೆಗೇ ಬಾಯಿ ಹಾಕಿದಳು. ತಟ್ಟೆ ಜಾರಿ ಕೆಳಗೆ ಬಿತ್ತು. ಚೆಲ್ಲಿದ ಸಾರು ನೋಡುತ್ತ ಅಲ್ಲೇ ನಿಂತಳು.

"ಬಾ ಇಲ್ಲಿ. ನಾನು ಉಣುಸ್ತೀನಿ," ಎಂದೆ. ಅದರಲ್ಲಿ ಅರ್ಧ ನಾಚಿಕೆ. ಇನ್ನರ್ಧ, ಅವ್ವನ ಕೈ ಮತ್ತೆ ಅವಳ ಬಾಯಿಗೆ ಹೋಗದಿರಲಿ ಎಂಬ ಲೆಕ್ಕ. "ನಿಮ್ಮವ್ವ ಬಯ್ಯಲ್ವಾ?" ಎಂದಳು. "ಬಯ್ಯಲ್ಲ ಬಾ." ನನ್ನ ಮಂಚಕ್ಕೆ ಒರಗಿ ಬಾಯಿ ತೆರೆದಳು. ಬಾಗಿಲಲ್ಲಿ ಬಂದು ನಿಂತ ಅವ್ವ ಇನ್ನೊಂದು ಮುದ್ದೆ ತಂದು ನನ್ನ ತಟ್ಟೆಗೆ ಹಾಕಿದಳು. ಮುಂದೆ ಮೂರು ವಾರ ನಿಂಗಿಗೆ ಉಣ್ಣಿಸುವುದು ನನ್ನ ಕೆಲಸವಾಯಿತು. ಅವಳು ವಾರ್ಡೆಲ್ಲ ಸುತ್ತಿ ಬಂದು, ಕಿಟಕಿಯ ಆಚೆ ನನಗೆ ಕಾಣದ್ದನ್ನೆಲ್ಲ ವರದಿ ಮಾಡುತ್ತಿದ್ದಳು. ಒಂದು ಸಂತೆಯ ದಿನ ಮಾವ ಬಂದು ಕರೆದೊಯ್ದ. ಹೊರಡುವಾಗ ಅವ್ವನ ಕಡೆ ತಿರುಗಿ, "ಬತ್ತೀನಿ ಅವ್ವಾರೇ," ಎಂದಳು, ಹೊರಗಿನವರನ್ನು ಕರೆಯುವ ಹಾಗೆ. ಅವ್ವನ ಮುಖ ಸಪ್ಪಗಾಯಿತು. ನಾನು ಬಯಸಿದ್ದು ನನಗೆ ಸಿಕ್ಕಿತ್ತು.

ಕಾಲು ಕೂಡಿ ಊರಿಗೆ ಬಂದ ದಿನವೇ ಅವ್ವ ಮತ್ತೆ ಎಲ್ಲರವಳಾದಳು. ಆಮೇಲೆ ಮನೆ ಪಾಲಾಯಿತು, ನಡುಮನೆಯಲ್ಲಿ ಗೋಡೆ ಎದ್ದಿತು, ಒಟ್ಟಿಗೆ ಉಂಡವರು ಒಂದೊಂದು ದಿಕ್ಕಾದರು. ಅವ್ವನ ತಿಥಿಯ ದಿನ ಅವರೆಲ್ಲ ಮತ್ತೆ ಸಾಲಾಗಿ ಕೂತಿದ್ದರು. ದೊಡ್ಡಪ್ಪನ ಅರವತ್ತು ದಾಟಿದ ಮಗ ಎಡೆಯ ಮುಂದೆ ಅತ್ತ: "ಚಿಕ್ಕವ್ವ ನಂಗೆ ಯಾವಾಗ್ಲೂ ಒಂದು ತುತ್ತು ಎಚ್ಗೆ ಕೊಡೋಳು ಕಣಮ್ಮಿ." ಪಕ್ಕದವರೂ ಅದನ್ನೇ ಹೇಳಿದರು, ಅವರ ಪಕ್ಕದವರೂ. ಎಲ್ಲರಿಗೂ ಒಂದೊಂದು ತುತ್ತು ಹೆಚ್ಚು. ಕಣ್ಣೊರೆಸಿಕೊಂಡು ಬಡಿಸುತ್ತಿದ್ದ ನನ್ನ ಹೊಟ್ಟೆಯಲ್ಲಿ, ಈ ವಯಸ್ಸಿನಲ್ಲೂ, ಅದೇ ಉರಿ. ಅವ್ವನ ಕೈತುತ್ತು ಉಂಡವರ ಹೆಸರುಗಳೆಲ್ಲ ಬಂದು ಹೋದವು. ನಿಂಗಿಯ ಹೆಸರನ್ನು ಮಾತ್ರ ನಾನು ಅಂದೂ ಎತ್ತಲಿಲ್ಲ.